ರಾಯಚೂರಿನ ಬಿಸಿಲಲ್ಲಿ ಆಫೀಸ್ ಬ್ಯಾಕಪ್‌ಗೆ ಯಾವ ಡಿಸ್ಕ್: ನನ್ನ ಅನುಭವ

ರಾಯಚೂರಿನ ಒಂದು ಟ್ಯಾಕ್ಸ್ ಕನ್ಸಲ್ಟಂಟ್ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸವೆಲ್ಲ ನಾನೇ ನೋಡಿಕೊಳ್ಳುತ್ತೇನೆ. ನಮ್ಮ ಕ್ಲೈಂಟುಗಳಲ್ಲಿ ಹೆಚ್ಚಿನವರು ಗಂಜ್‌ನ ಹತ್ತಿ ವ್ಯಾಪಾರಿಗಳು, ಜಿನ್ನಿಂಗ್ ಮಿಲ್, ರೈಸ್ ಮಿಲ್‌ನವರು. ಅವರ ಟ್ಯಾಲಿ ಡೇಟಾ, ಜಿಎಸ್‌ಟಿ ರಿಟರ್ನ್, ಸ್ಕ್ಯಾನ್ ಮಾಡಿದ ಬಿಲ್ಲುಗಳು ಎಲ್ಲ ಒಂದೇ ಫೈಲ್ ಸರ್ವರ್‌ನಲ್ಲಿವೆ. ಸರ್ವರ್ ಅಂದರೆ ದೊಡ್ಡದೇನಲ್ಲ, ವಿಂಡೋಸ್ ಹಾಕಿದ ಒಂದು ಟವರ್, ಅದರಲ್ಲಿ 4 ಟಿಬಿಯ ಎರಡು ಡಿಸ್ಕ್ ಮಿರರ್ ಆಗಿ, ಅಂದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬೀಳುವ ಹಾಗೆ, ಓಡುತ್ತಿವೆ. ಒಟ್ಟು ಡೇಟಾ ಸುಮಾರು 1.4 ಟಿಬಿ.

ಮಿರರ್ ಇದೆಯಲ್ಲ, ಮತ್ತೆ ಬ್ಯಾಕಪ್‌ಗೆ ದುಡ್ಡು ಯಾಕೆ ಅಂತ ಸಾಹೇಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ಆದರೆ ಮಿರರ್ ಕಾಪಾಡುವುದು ಒಂದು ಡಿಸ್ಕ್ ಕೆಟ್ಟಾಗ ಮಾತ್ರ. ಯಾರೋ ಒಂದು ಫೋಲ್ಡರ್ ಡಿಲೀಟ್ ಮಾಡಿದರೆ ಎರಡರಲ್ಲೂ ಅದೇ ಕ್ಷಣ ಹೋಗುತ್ತದೆ, ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ವೈರಸ್) ಬಂದರೂ ಅಷ್ಟೇ, ಕಳ್ಳ ಟವರ್ ಹೊತ್ತೊಯ್ದರೂ ಅಷ್ಟೇ. ಮೇಲಾಗಿ ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕಡೆ ದಿನಾಂಕದಿಂದ 72 ತಿಂಗಳು ಇಟ್ಟಿರಬೇಕು. ಪ್ರೈವೇಟ್ ಲಿಮಿಟೆಡ್ ಕಂಪನಿ ಆದರೆ ಲೆಕ್ಕದ ಪುಸ್ತಕ 8 ವರ್ಷ. ಡಿಜಿಟಲ್ ಲೆಕ್ಕದ ಬ್ಯಾಕಪ್ ಪ್ರತಿದಿನ ಆಗಬೇಕು, ಅದು ಇರುವ ಸರ್ವರ್ ಭಾರತದಲ್ಲೇ ಇರಬೇಕು ಅಂತ 2022ರಲ್ಲಿ ಕಂಪನಿಗಳ ನಿಯಮವನ್ನೂ ತಿದ್ದಿದ್ದಾರೆ. ಇಷ್ಟು ಹೇಳಿದ ಮೇಲೆ ಸಾಹೇಬರು ದುಡ್ಡಿಗೆ ಒಪ್ಪಿದರು. ಉಳಿದದ್ದು ಯಾವುದರಲ್ಲಿ ಇಡೋದು ಅನ್ನುವ ಪ್ರಶ್ನೆ.

ಡಿವಿಡಿ ಮೊದಲೇ ಬಿಟ್ಟೆ. ಒಂದರಲ್ಲಿ 4.7 ಜಿಬಿ, ನಮ್ಮ ಡೇಟಾಗೆ ಸುಮಾರು 300 ಡಿವಿಡಿ ಬೇಕು. ಬ್ಲೂ-ರೇ ಆದರೂ ಸಾದಾ ಡಿಸ್ಕಿಗೆ 25 ಜಿಬಿ, ಓದೋ ಡ್ರೈವ್ ಊರಲ್ಲಿ ಯಾರ ಹತ್ತಿರ ಇದೆ? ಡೇಟಾ ಬರೆಯುವ ಮ್ಯಾಗ್ನೆಟಿಕ್ ಟೇಪ್ ನಿಜಕ್ಕೂ ಒಳ್ಳೆಯದು. ಎಲ್‌ಟಿಒ-9 ಟೇಪ್ ಒಂದರಲ್ಲೇ 18 ಟಿಬಿ ಹಿಡಿಯುತ್ತದೆ, ಟೇಪಿನ ಬೆಲೆಯೂ ಪರವಾಗಿಲ್ಲ. ಆದರೆ ಡ್ರೈವಿಗೆ ಲಕ್ಷಗಟ್ಟಲೆ ಬೇಕು. ಆ ಡ್ರೈವ್ ಕೆಟ್ಟ ದಿನ ಟೇಪ್ ಹಿಡಿದುಕೊಂಡು ಹೈದರಾಬಾದಿಗೋ ಬೆಂಗಳೂರಿಗೋ ಓಡಬೇಕು. ಸಣ್ಣ ಆಫೀಸಿಗೆ ಅದು ಆಗೋ ಮಾತಲ್ಲ.

ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ನಲ್ಲಿ ಬರೆಯುವ ಡಿಸ್ಕ್) ಬಗ್ಗೆ ಮಾತ್ರ ತುಂಬಾ ಯೋಚನೆ ಮಾಡಿದೆ. ಚಿಕ್ಕದು, ಬಿದ್ದರೂ ಸುಲಭಕ್ಕೆ ಏನೂ ಆಗಲ್ಲ, ಜೇಬಲ್ಲಿ ಒಯ್ಯಬಹುದು. ಆದರೆ ಎಸ್‌ಎಸ್‌ಡಿ ಡೇಟಾ ಹಿಡಿದಿಡುವುದು ವಿದ್ಯುತ್ ಚಾರ್ಜ್ ರೂಪದಲ್ಲಿ. ಕರೆಂಟ್ ಕೊಡದೆ ಸುಮ್ನೆ ಇಟ್ಟರೆ ಅದು ನಿಧಾನಕ್ಕೆ ಸೋರುತ್ತದೆ, ಬಿಸಿ ಜಾಸ್ತಿ ಆದಷ್ಟೂ ಬೇಗ ಸೋರುತ್ತದೆ. ಚಿಪ್ ಉದ್ಯಮದ ಜೆಡೆಕ್ ಸಂಸ್ಥೆಯ ಮಾನದಂಡದಲ್ಲಿ ಸಾಮಾನ್ಯ ಎಸ್‌ಎಸ್‌ಡಿಗೆ ಕೇಳುವುದು, ಬರೆಯುವ ಆಯಸ್ಸು ಪೂರ್ತಿ ಸವೆದ ಮೇಲೂ 30 ಡಿಗ್ರಿಯಲ್ಲಿ 1 ವರ್ಷ ಡೇಟಾ ಉಳಿಸಿಕೊಳ್ಳಬೇಕು ಅಂತ. ಹೊಸ ಡ್ರೈವ್ ಅದಕ್ಕಿಂತ ಎಷ್ಟೋ ಜಾಸ್ತಿ ತಡೆಯುತ್ತದೆ, ಹೆದರುವಂಥದ್ದೇನಿಲ್ಲ. ಆದರೆ 30 ಡಿಗ್ರಿ ನಮ್ಮೂರಲ್ಲಿ ಎಲ್ಲಿದೆ? ಮೇ ತಿಂಗಳಲ್ಲಿ 40 ದಾಟುವುದು ಇಲ್ಲಿ ಮಾಮೂಲು. ನಮ್ಮದು ಮೇಲಿನ ಮಹಡಿ, ತಲೆ ಮೇಲೆ ನೇರ ತಾರಸಿ. ಪಡುವಣ ಗೋಡೆಗೆ ಒತ್ತಿಕೊಂಡು ಒಂದು ಕಬ್ಬಿಣದ ಬೀರು ಇದೆ, ಮಧ್ಯಾಹ್ನ 3ರ ಹೊತ್ತಿಗೆ ಅದರ ಮೇಲಿನ ಖಾನೆಗೆ ಕೈ ಇಟ್ಟರೆ ಕಾದ ತವಾ ಮುಟ್ಟಿದ ಹಾಗೆ ಚುರ್ ಅನ್ನುತ್ತದೆ. ಬ್ಯಾಕಪ್ ಡಿಸ್ಕ್ ಅಲ್ಲಿಡಿ ಅಂತಲೇ ಎಲ್ಲರೂ ಹೇಳಿದ್ದು, ಬೀಗ ಇರೋದು ಅದಕ್ಕೊಂದೇ ಅಲ್ವಾ. ವರ್ಷಗಟ್ಟಲೆ ಕರೆಂಟ್ ಕಾಣದೆ ಅಂಥ ಜಾಗದಲ್ಲಿ ಕೂರಬೇಕಾದ ವಸ್ತುವಾಗಿ ಎಸ್‌ಎಸ್‌ಡಿಯನ್ನು ನಾನು ನಂಬಲಿಲ್ಲ. ದಿನಾ ಓಡೋ ಕಂಪ್ಯೂಟರಿಗೆ ಅದೇ ಹಾಕುತ್ತೇನೆ, ಆ ಮಾತು ಬೇರೆ.

ಕೊನೆಗೆ ಆರಿಸಿದ್ದು ಸಾದಾ 3.5 ಇಂಚಿನ ಹಾರ್ಡ್ ಡಿಸ್ಕ್, 4 ಟಿಬಿಯವು ಮೂರು, ಜೊತೆಗೆ ಡಿಸ್ಕನ್ನು ಕಂಪ್ಯೂಟರಿಗೆ ಸೇರಿಸಲು ಸಿಕ್ಕಿಸುವ ಒಂದು ಯುಎಸ್‌ಬಿ ಡಾಕ್. ಜೇಬಿಗೆ ಹಿಡಿಯುವ 2.5 ಇಂಚಿನದು ಯಾಕಲ್ಲ ಅಂದರೆ, ಅದರಲ್ಲಿ ದೊಡ್ಡ ಅಳತೆಯವು ಹೆಚ್ಚಾಗಿ ಎಸ್‌ಎಂಆರ್. ಟ್ರ್ಯಾಕುಗಳನ್ನು ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಬರೆಯುವುದರಿಂದ, ತುಂಬಾ ಹೊತ್ತು ಬರೆಯುತ್ತಾ ಹೋದರೆ ವೇಗ ಪಾತಾಳಕ್ಕೆ ಇಳಿಯುತ್ತದೆ. ಕೆಲವದರಲ್ಲಿ ಯುಎಸ್‌ಬಿ ಪೋರ್ಟ್ ಡಿಸ್ಕಿನ ಬೋರ್ಡಿಗೇ ಬೆಸುಗೆ ಆಗಿರುತ್ತದೆ, ಪೋರ್ಟ್ ಮುರಿದರೆ ಡಿಸ್ಕ್ ಬಿಚ್ಚಿ ಬೇರೆ ಕಡೆ ಹಾಕಲೂ ಆಗಲ್ಲ. 3.5 ಇಂಚಿನದಕ್ಕೆ ಸಾಟಾ, ಅಂದರೆ ಸಾಮಾನ್ಯ ಕಂಪ್ಯೂಟರಿನೊಳಗೆ ಡಿಸ್ಕ್ ಸಿಕ್ಕಿಸುವ ಕನೆಕ್ಟರ್, ಇದೆ. ಡಾಕ್ ಸತ್ತರೆ ಸ್ಟೇಷನ್ ರಸ್ತೆಯ ಯಾವ ಕಂಪ್ಯೂಟರ್ ಅಂಗಡಿಯಲ್ಲಾದರೂ ಓದಿಸಬಹುದು. ನನಗೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ. ಆಯಸ್ಸು ಜಾಸ್ತಿ ಇರೋದಕ್ಕಿಂತ, ಕೆಟ್ಟ ದಿನ ನಮ್ಮೂರಲ್ಲೇ ಓದಲು ಆಗಬೇಕು.

ಮೂರನ್ನೂ ಒಂದೇ ಕಂಪನಿಯದು, ಒಂದೇ ಲಾಟಿನದು ತರಲಿಲ್ಲ. ಒಂದರಲ್ಲಿ ತಯಾರಿಕೆಯ ದೋಷ ಇದ್ದರೆ ಜೊತೆಯದರಲ್ಲೂ ಇರಬಹುದು. ಬಂದ ತಕ್ಷಣ ಡೇಟಾ ಹಾಕಲೂ ಇಲ್ಲ. ವಿಂಡೋಸ್‌ನಲ್ಲಿ ಕ್ವಿಕ್ ಫಾರ್ಮ್ಯಾಟ್ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಕೊಟ್ಟೆ, ಆಗ ಅದು ಡಿಸ್ಕಿನ ಪ್ರತಿ ಸೆಕ್ಟರಿಗೂ (ಡೇಟಾ ಕೂರುವ ಪುಟ್ಟ ತುಂಡು) ಸೊನ್ನೆ ಬರೆಯುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ಆಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಸಾಫ್ಟ್‌ವೇರ್ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ 05, ಸಿ5, ಸಿ6 ಸಾಲುಗಳನ್ನು ನೋಡಬೇಕು. 05 ಅಂದರೆ ಕೆಟ್ಟು ಬದಲಿ ಪಡೆದ ಸೆಕ್ಟರುಗಳು, ಸಿ5 ಅಂದರೆ ಓದಲು ತಿಣುಕುತ್ತಿರುವವು, ಸಿ6 ಅಂದರೆ ಸರಿಮಾಡಲು ಆಗದವು. ಹೊಸ ಡಿಸ್ಕಿನಲ್ಲಿ ಮೂರೂ ಸೊನ್ನೆ ಇರಬೇಕು. ಒಂದರಲ್ಲಿ ಇರಲಿಲ್ಲ. ಅಂಗಡಿಯವರು ತಕರಾರಿಲ್ಲದೆ ಬದಲಿಸಿಕೊಟ್ಟರು. ಆ ಪರದೆಯಲ್ಲೇ ಡಿಸ್ಕಿನ ಬಿಸಿಯೂ ಕಾಣುತ್ತದೆ. ಫ್ಯಾನ್ ಇಲ್ಲದ ಡಾಕ್‌ನಲ್ಲಿ ಬೇಸಿಗೆ ಹಗಲು ದೊಡ್ಡ ಕಾಪಿ ಹಾಕಿದಾಗ 55 ಡಿಗ್ರಿ ದಾಟಿತು. ಇಂಥ ಡಿಸ್ಕುಗಳಿಗೆ ಸಾಮಾನ್ಯವಾಗಿ 60 ಕಡೆ ಮಿತಿ. ಪಕ್ಕದಲ್ಲಿ ಸಣ್ಣ ಟೇಬಲ್ ಫ್ಯಾನ್ ಇಟ್ಟು, ಕಾಪಿಯನ್ನು ರಾತ್ರಿ 10ಕ್ಕೆ ತಳ್ಳಿದೆ. ರಾತ್ರಿ ಟ್ಯಾಲಿ ಯಾರೂ ತೆರೆದಿರುವುದಿಲ್ಲ, ಅದೂ ಒಳ್ಳೆಯದೇ. ತೆರೆದಿರುವಾಗ ಕಾಪಿ ಮಾಡಿದ ಟ್ಯಾಲಿ ಫೋಲ್ಡರನ್ನು ನಂಬೋ ಹಾಗಿಲ್ಲ.

ಡಿಸ್ಕಿನಲ್ಲಿ ಫೈಲ್ ಜೋಡಿಸುವ ಕ್ರಮ, ಅಂದರೆ ಫೈಲ್ ಸಿಸ್ಟಮ್, ಎನ್‌ಟಿಎಫ್‌ಎಸ್ ಇಟ್ಟೆ. ಇನ್ನೊಂದು ಆಯ್ಕೆ ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಮಾಡಹೊರಟ ಬದಲಾವಣೆಯನ್ನು ಮೊದಲೇ ಬರೆದಿಡುವ ದಾಖಲೆ) ಇಲ್ಲ, ಬರೆಯುವಾಗ ಕರೆಂಟ್ ಹೋದರೆ ಫೋಲ್ಡರುಗಳೇ ಕಲಸಿಹೋಗಬಹುದು. ಯುಪಿಎಸ್ ಇದೆ, ಆದರೂ ಇಲ್ಲಿನ ಕರೆಂಟ್ ಗೊತ್ತಲ್ಲ. ಡಿಸ್ಕಿನಲ್ಲಿ ನೂರಾರು ಜನರ ಪ್ಯಾನ್, ಆಧಾರ್ ಇರುವುದರಿಂದ ಬಿಟ್‌ಲಾಕರ್ (ಪಾಸ್‌ವರ್ಡ್ ಇಲ್ಲದೆ ಡಿಸ್ಕ್ ಓದಲಾಗದಂತೆ ಮಾಡುವ ವಿಂಡೋಸ್‌ನ ಬೀಗ) ಹಾಕಲೇಬೇಕು. ಅದರ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಪ್ರಿಂಟ್ ಆಗಿ ಸಾಹೇಬರ ಬ್ಯಾಂಕ್ ಲಾಕರಿನಲ್ಲಿದೆ.

ಕಾಪಿ ಮಾಡಲು ವಿಂಡೋಸ್‌ನಲ್ಲೇ ಬರುವ ರೋಬೋಕಾಪಿ ಸಾಕು, ಆದರೆ ಅದರ ಮಿರರ್ ಆಯ್ಕೆ ಹಾಕಬೇಡಿ. ಅದು ಸರ್ವರ್‌ನಲ್ಲಿ ಅಳಿದದ್ದನ್ನು ಬ್ಯಾಕಪ್‌ನಲ್ಲೂ ಅಳಿಸುತ್ತದೆ. ಟ್ಯಾಲಿ ಡೇಟಾಗೆ ಪ್ರತಿಸಲ ತಾರೀಖಿನ ಹೆಸರಿನ ಹೊಸ ಫೋಲ್ಡರ್. ಸ್ಕ್ಯಾನ್ ಪಿಡಿಎಫ್‌ಗಳು ಬದಲಾಗುವುದಿಲ್ಲ, ಹೊಸವು ಮಾತ್ರ ಸೇರುತ್ತಾ ಹೋಗುತ್ತವೆ. ಮೂರು ಡಿಸ್ಕಿಗೂ ಬೇರೆಬೇರೆ ಬಣ್ಣದ ಸ್ಟಿಕ್ಕರ್. ಒಂದು ಆಫೀಸಿನಲ್ಲಿ, ಒಂದು ಸಾಹೇಬರ ಮನೆಯಲ್ಲಿ, ಇನ್ನೊಂದು ಸರದಿಯಲ್ಲಿ. ಕಾಪಿ ಮುಗಿದ ಬೆಳಿಗ್ಗೆ ಡಾಕ್‌ನಿಂದ ಕಿತ್ತು ಇಡುತ್ತೇವೆ, ಇದರಲ್ಲಿ ರಿಯಾಯಿತಿ ಇಲ್ಲ. ಸದಾ ಚುಚ್ಚಿಕೊಂಡೇ ಇರುವ ಡಿಸ್ಕನ್ನು ರ‍್ಯಾನ್ಸಮ್‌ವೇರ್ ಸರ್ವರ್ ಜೊತೆಗೇ ನುಂಗುತ್ತದೆ. ಹತ್ತಿ ಸೀಸನ್ನಿನಲ್ಲಿ ಸಣ್ಣ ಎಳೆ, ದೂಳು ಎಲ್ಲೆಲ್ಲೂ ಕೂರುವುದರಿಂದ ಆಂಟಿ-ಸ್ಟ್ಯಾಟಿಕ್ ಕವರ್, ಅದರ ಮೇಲೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಬೀರುವನ್ನು ಗೋಡೆಯಿಂದ ಸರಿಸಿ ಡಬ್ಬಿಯನ್ನು ಕೆಳಗಿನ ಖಾನೆಗೆ ಇಳಿಸಿದ್ದೇವೆ.

ಕ್ಲೌಡ್ ಕೂಡ ಇದೆ, ಆದರೆ ಎಲ್ಲದಕ್ಕೂ ಅಲ್ಲ. ನಮ್ಮ ಅಪ್‌ಲೋಡ್ ವೇಗ 30 ಎಂಬಿಪಿಎಸ್. 1.4 ಟಿಬಿ ಕಳಿಸಲು ಲೈನ್ ಒಮ್ಮೆಯೂ ಹೋಗದಿದ್ದರೂ 100 ಗಂಟೆ ದಾಟುತ್ತದೆ. ಹಾಗಾಗಿ ಟ್ಯಾಲಿ ಡೇಟಾ ಮತ್ತು ಈ ವರ್ಷದ ಫೋಲ್ಡರ್ ಮಾತ್ರ, ಸುಮಾರು 60 ಜಿಬಿ, ರೆಸ್ಟಿಕ್ ಎಂಬ ಬ್ಯಾಕಪ್ ಸಾಫ್ಟ್‌ವೇರ್ ಮೂಲಕ ಮುಂಬೈನಲ್ಲಿರುವ ಸ್ಟೋರೇಜ್‌ಗೆ ದಿನಾ ರಾತ್ರಿ ಹೋಗುತ್ತದೆ. ಆಮೇಲೆ ಹೋಗುವುದು ಬದಲಾದ ಭಾಗ ಮಾತ್ರ, ಹಾಗಾಗಿ ಭಾರ ಅನಿಸಲ್ಲ. ಪ್ರತಿದಿನ, ಭಾರತದಲ್ಲೇ ಅನ್ನುವ ನಿಯಮವೂ ಇದರಿಂದಲೇ ತೀರುತ್ತದೆ.

ಪ್ರತಿ ತಿಂಗಳು ಯಾವುದಾದರೂ ಒಬ್ಬ ಕ್ಲೈಂಟಿನ ಫೋಲ್ಡರನ್ನು ಡಿಸ್ಕಿನಿಂದ ಬೇರೆ ಕಂಪ್ಯೂಟರಿಗೆ ತಂದು ಟ್ಯಾಲಿಯಲ್ಲಿ ತೆರೆದು, ಕ್ಲೋಸಿಂಗ್ ಬ್ಯಾಲೆನ್ಸ್ ಸರ್ವರ್‌ನದಕ್ಕೆ ತಾಳೆ ನೋಡುತ್ತೇವೆ. ಈಗ ಅದನ್ನು ನಾನು ಮಾಡುವುದಿಲ್ಲ, ಎಂಟ್ರಿ ಮಾಡುವ ಹುಡುಗಿ ಮಾಡುತ್ತಾಳೆ. ಡಬ್ಬಿ ಮುಚ್ಚಳದ ಒಳಗೆ ಅಂಟಿಸಿರುವ ಕನ್ನಡದ ಒಂದು ಹಾಳೆ ಓದಿಕೊಂಡು, ನನಗೆ ಫೋನ್ ಮಾಡದೆ, ಒಂದು ಜಿನ್ನಿಂಗ್ ಮಿಲ್ಲಿನ ಹಳೇ ವರ್ಷದ ಲೆಕ್ಕ ತೆಗೆದುಕೊಟ್ಟಳು.