ಒಂದು ಸಿನಿಮಾ ಹಿಡಿದು ಹತ್ತು ನಟರ ದಾರಿ ಓದುವುದು ಹೇಗೆ: ನನ್ನ ಅಳತೆ ಪುಸ್ತಕದ ವಿಧಾನ

ಸುರತ್ಕಲ್‌ನಲ್ಲಿ ನನ್ನದೊಂದು ಲೇಡೀಸ್ ಟೈಲರ್ ಅಂಗಡಿ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ ಬಿಟ್ಟು ಅಳತೆ ಪುಸ್ತಕ ಇಡುತ್ತೇನೆ. ಮದುವೆ ಬ್ಲೌಸಿಗೆ ಬಂದ ಹುಡುಗಿ ಎರಡು ವರ್ಷ ಬಿಟ್ಟು ಸೀಮಂತದ ಬ್ಲೌಸಿಗೆ ಬರುತ್ತಾಳೆ. ಹಳೆ ಅಳತೆಯ ಕೆಳಗೆ ತಾರೀಕು ಹಾಕಿ ಹೊಸ ಅಳತೆ ಬರೆಯುತ್ತೇನೆ. ಹಳೆಯದನ್ನು ಯಾವತ್ತೂ ಹೊಡೆದು ಹಾಕುವುದಿಲ್ಲ.

ಸಿನಿಮಾ ನಟರಿಗೂ ನನ್ನ ಹತ್ತಿರ ಅಂಥದ್ದೇ ಒಂದು ಪುಸ್ತಕ ಇದೆ. ಅದು ಶುರುವಾದದ್ದು ಅಕ್ಕನ ಮಗಳ ಪ್ರಶ್ನೆಯಿಂದ. "ಚಿಕ್ಕಮ್ಮಾ, ಐಶ್ವರ್ಯಾ ರೈ ಅಷ್ಟು ಚಂದ ಇದ್ದೂ ಇಂಗ್ಲಿಷ್ ಸಿನಿಮಾದಲ್ಲಿ ಯಾಕೆ ನಿಲ್ಲಲಿಲ್ಲ?" ಐಶ್ವರ್ಯಾ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ, ಮನೆಮಾತು ತುಳು. ನನಗೆ ಸಿಟ್ಟೇ ಬಂತು. ಆದರೆ ಸರಿಯಾದ ಉತ್ತರ ಗೊತ್ತಿರಲಿಲ್ಲ. ಆ ರಾತ್ರಿ ಒಂದು ಹೊಸ ಅಳತೆ ಪುಸ್ತಕ ಬಿಚ್ಚಿ ಬರೆಯಲು ಕೂತೆ. ಅವತ್ತಿನಿಂದ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ನಟರ ಬದುಕು ತಿಳಿಯಬೇಕು, ಬರೀ ಗಾಸಿಪ್ ಬೇಡ ಅನ್ನುವವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ಸಿನಿಮಾ ಆರಿಸಿಕೊಳ್ಳಿ. ಬೇರೆ ಬೇರೆ ದೇಶದ ನಟರು ಒಟ್ಟಿಗೆ ಇರುವ ಪ್ರೇಮದ ಹಾಸ್ಯಚಿತ್ರ ಆದರೆ ತುಂಬ ಒಳ್ಳೆಯದು. ಎಲ್ಲರೂ ಒಂದೇ ಜಾಗದಲ್ಲಿ ಒಂದೇ ಕಥೆಗೆ ಸೇರಿ, ಆಮೇಲೆ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಕಡಿಮೆ ಅಂದರೂ ಹದಿನೈದು ವರ್ಷ ಹಳೆಯದಾಗಿರಬೇಕು. ಹೋದ ವರ್ಷದ ಸಿನಿಮಾ ತಗೊಂಡರೆ 'ಆಮೇಲೆ' ಅಂತ ಬರೆಯಲು ಏನೂ ಇರುವುದಿಲ್ಲ.

ನಾನು ತಗೊಂಡದ್ದು 'ಬ್ರೈಡ್ ಆಂಡ್ ಪ್ರೆಜುಡಿಸ್'. 2004ರದ್ದು. ಜೇನ್ ಆಸ್ಟೆನ್ 1813ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಾದಂಬರಿ 'ಪ್ರೈಡ್ ಆಂಡ್ ಪ್ರೆಜುಡಿಸ್' ಅನ್ನು ನಿರ್ದೇಶಕಿ ಗುರಿಂದರ್ ಚಡ್ಢಾ ಅಮೃತಸರಕ್ಕೆ ತಂದರು. ಕಥೆ ಅಲ್ಲಿಂದ ಗೋವಾ, ಲಂಡನ್, ಲಾಸ್ ಏಂಜಲೀಸ್ ಸುತ್ತುತ್ತದೆ. ಐಶ್ವರ್ಯಾ ನಾಯಕಿ ಲಲಿತಾ ಆಗಿದ್ದಾರೆ. ನಾಯಕ ಡಾರ್ಸಿ ಆಗಿ ಮಾರ್ಟಿನ್ ಹೆಂಡರ್ಸನ್.

ಮೊದಲ ಸಲ ಸುಮ್ನೆ ನೋಡಿ. ಪೆನ್ನು ಹಿಡಿಯಬೇಡಿ. ಎರಡನೇ ಸಲ ಕೊನೆಗೆ ಹೆಸರುಗಳು ಮೇಲಕ್ಕೆ ಹೋಗುವಾಗ ನಿಲ್ಲಿಸಿ ನಿಲ್ಲಿಸಿ ಬರೆದುಕೊಳ್ಳಿ: ನಟರ ಹೆಸರು, ಪಾತ್ರದ ಹೆಸರು. ಪೋಸ್ಟರ್ ನೋಡಿ ಬರೆದರೆ ಮೂರು ಹೆಸರು ಸಿಗುತ್ತವೆ ಅಷ್ಟೆ. ಕ್ಯಾಮೆರಾ, ನೃತ್ಯ ಮಾಡಿಸಿದವರನ್ನೂ ಬರೆಯಿರಿ. ಇದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಈಗ ಒಬ್ಬರಿಗೆ ಒಂದು ಪುಟ. ತಲೆಯಲ್ಲಿ ಹುಟ್ಟಿದ ಊರು, ಕಲಿತ ಜಾಗ. ಕೆಳಗೆ ಮೂರು ಅಂಕಣ: ಮೊದಲು, ಆಗ, ಆಮೇಲೆ. ಊರು ಯಾಕೆ ಮುಖ್ಯ ಅಂದರೆ, ಪಾತ್ರದ ಊರೇ ನಟರ ಊರು ಅಂತ ನಾವು ಅಂದುಕೊಂಡುಬಿಡುತ್ತೇವೆ. ಅಮೆರಿಕದ ಶ್ರೀಮಂತ ಡಾರ್ಸಿ ಆದ ಮಾರ್ಟಿನ್ ನ್ಯೂಜಿಲೆಂಡಿನ ಆಕ್ಲೆಂಡಿನವರು. ಇಂಗ್ಲೆಂಡಿನ ವಿಕಮ್ ಆದ ಡೇನಿಯಲ್ ಗಿಲೀಸ್ ಹುಟ್ಟಿದ್ದು ಕೆನಡಾದಲ್ಲಿ, ಬೆಳೆದದ್ದು ನ್ಯೂಜಿಲೆಂಡಿನಲ್ಲಿ. ಒಬ್ಬ ಅಮೆರಿಕನ್, ಒಬ್ಬ ಇಂಗ್ಲಿಷಿನವ ಅಂತ ಜಗಳ ಆಡುವ ಇಬ್ಬರೂ ಬೆಳೆದದ್ದು ಒಂದೇ ಪುಟ್ಟ ದೇಶದಲ್ಲಿ! ಇದು ಗೊತ್ತಾದ ಮೇಲೆ ಅವರ ಮಾತಿನ ಧಾಟಿಯನ್ನೇ ಬೇರೆ ಕಿವಿಯಲ್ಲಿ ಕೇಳಿದೆ. ಎಷ್ಟು ಅಭ್ಯಾಸ ಮಾಡಿರಬೇಕು, ಅಲ್ವಾ?

ವರ್ಷ ಬರೆಯುವಾಗ ಅವಸರ ಬೇಡ. ಒಂದೇ ಸಿನಿಮಾ ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ತಿಂಗಳಲ್ಲಿ ಹೋಗುತ್ತದೆ. ನವೀನ್ ಆಂಡ್ರೂಸ್ ಪುಟದಲ್ಲಿ ಇದರ ಬೆಲೆ ನನಗೆ ಗೊತ್ತಾಯಿತು. ಅವರು ಇದರಲ್ಲಿ ಡಾರ್ಸಿಯ ಗೆಳೆಯ ಬಲರಾಜ್. ಹುಟ್ಟಿದ್ದು ಲಂಡನ್, ತಂದೆತಾಯಿ ಕೇರಳದವರು. ಈ ಸಿನಿಮಾ ಬ್ರಿಟನ್ನಿನಲ್ಲಿ ಬಂದದ್ದು 2004ರ ಅಕ್ಟೋಬರ್‌ನಲ್ಲಿ. ಅಮೆರಿಕಕ್ಕೆ ಹೋದದ್ದು 2005ರ ಫೆಬ್ರವರಿಗೆ. ಇವೆರಡಕ್ಕೂ ಸ್ವಲ್ಪ ಮೊದಲು ಏನಾಯಿತು ನೋಡಿ. 2004ರ ಸೆಪ್ಟೆಂಬರ್ 22ಕ್ಕೆ ಅಮೆರಿಕದ ಟಿವಿಯಲ್ಲಿ 'ಲಾಸ್ಟ್' ಶುರುವಾಯಿತು. ಅದರಲ್ಲಿ ಅವರು ಇರಾಕಿನ ಸೈನಿಕ ಸಯೀದ್. ಅಂದರೆ ಅಮೆರಿಕದವರು ಬಲರಾಜನ ಕುಣಿತ ನೋಡುವ ಹೊತ್ತಿಗೆ ಸಯೀದ್ ಆಗಲೇ ಅವರ ಮನೆಮನೆಯವನಾಗಿದ್ದ. ಮರುವರ್ಷ ಅಮೆರಿಕದ ಟಿವಿಯವರ ಎಮ್ಮಿ ಪ್ರಶಸ್ತಿಗೆ ಹೆಸರೂ ಹೋಯಿತು. ಬರೀ '2004' ಅಂತ ಬರೆದಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಒಂದೇ ಹೆಸರಿನವರ ಬಗ್ಗೆ ಜಾಗ್ರತೆ. ನಾನೇ ಬಿದ್ದ ಹೊಂಡ ಇದು. ಲಲಿತಾಳ ಗೆಳತಿ ಚಂದ್ರಾ ಪಾತ್ರ ಮಾಡಿದವರು ಸೋನಾಲಿ ಕುಲಕರ್ಣಿ. ಅವರ 'ಆಮೇಲೆ' ಅಂಕಣದಲ್ಲಿ 2010ರ ಮರಾಠಿ ಚಿತ್ರ 'ನಟರಂಗ್' ಬರೆದು, ಲಾವಣಿಗೆ ಎಷ್ಟು ಚಂದ ಕುಣಿದಿದ್ದಾರೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ. ಅವರು ಬೇರೆ ಸೋನಾಲಿ ಕುಲಕರ್ಣಿ! ಮರಾಠಿಯಲ್ಲಿ ಇಬ್ಬರಿದ್ದಾರೆ. ಕನ್ನಡ ಅಕ್ಷರದಲ್ಲಿ ಇಬ್ಬರ ಹೆಸರೂ ಒಂದೇ ಥರ. ಮುಖ ನೋಡಿ, ವಯಸ್ಸು ನೋಡಿ, ಎರಡು ಸಿನಿಮಾದ ತುಣುಕು ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಬರೆಯಿರಿ. ಆ ಪುಟ ತಿದ್ದುವಾಗ ಒಂದು ಸಂತೋಷವೂ ಸಿಕ್ಕಿತು. ನಮ್ಮ ಸೋನಾಲಿಯವರ ಮೊದಲ ಚಿತ್ರ ಗಿರೀಶ್ ಕಾರ್ನಾಡರ 'ಚೆಲುವಿ', 1992. ಹೂವಿನ ಮರವಾಗುವ ಹುಡುಗಿಯ ನಮ್ಮದೇ ಜನಪದ ಕಥೆ. ಆ ಹುಡುಗಿಯೇ ಇವರು.

ಎಲ್ಲ ಪುಟ ಆದ ಮೇಲೆ ಪೆನ್ಸಿಲ್ ತಗೊಳ್ಳಿ. ಒಂದು ಪುಟದವರು ಇನ್ನೊಂದು ಪುಟದವರ ಜೊತೆ ಮೊದಲೇ ಕೆಲಸ ಮಾಡಿದ್ದಾರಾ ಹುಡುಕಿ, ಮಾಡಿದ್ದರೆ ಇಬ್ಬರ ನಡುವೆ ಗೆರೆ ಎಳೆಯಿರಿ. ನನಗೆ ಈ ಕೆಲಸವೇ ಜಾಸ್ತಿ ಇಷ್ಟ. ನವೀನ್ ಮತ್ತು ಅವರ ತಂಗಿ ಕಿರಣ್ ಆಗಿರುವ ಇಂದಿರಾ ವರ್ಮಾ 1996ರಲ್ಲೇ ಮೀರಾ ನಾಯರ್ ಅವರ 'ಕಾಮಸೂತ್ರ'ದಲ್ಲಿ ಒಟ್ಟಿಗಿದ್ದರು. ಲಲಿತಾಳ ಅಪ್ಪನ ಪಾತ್ರದ ಅನುಪಮ್ ಖೇರ್ 2002ರಲ್ಲಿ ಇದೇ ಗುರಿಂದರ್ ಅವರ 'ಬೆಂಡ್ ಇಟ್ ಲೈಕ್ ಬೆಕಮ್' ಚಿತ್ರದಲ್ಲಿ ಬೇರೆ ಹುಡುಗಿಯ ಅಪ್ಪ ಆಗಿದ್ದರು. ಕ್ಯಾಮೆರಾ ಹಿಡಿದ ಸಂತೋಷ್ ಶಿವನ್ 1997ರಲ್ಲಿ ಐಶ್ವರ್ಯಾ ಅವರ ಮೊಟ್ಟಮೊದಲ ಚಿತ್ರ 'ಇರುವರ್'ಗೂ ಕ್ಯಾಮೆರಾ ಹಿಡಿದವರು. ನೃತ್ಯ ಮಾಡಿಸಿದ ಸರೋಜ್ ಖಾನ್ 2002ರ 'ದೇವದಾಸ್'ನಲ್ಲಿ ಅವರನ್ನು ಕುಣಿಸಿದವರು. ಹೊಸ ದೇಶದ ಸಿನಿಮಾಕ್ಕೆ ಐಶ್ವರ್ಯಾ ಒಬ್ಬರೇ ಹೋದರು ಅಂತ ನಾನು ಅಂದುಕೊಂಡಿದ್ದೆ. ಗೆರೆ ಎಳೆದ ಮೇಲೆ ಗೊತ್ತಾಯಿತು, ಪರಿಚಯದ ಕಣ್ಣು, ಪರಿಚಯದ ತಾಳ ಜೊತೆಗೇ ಇದ್ದವು.

ಚಿಕ್ಕ ಪಾತ್ರದವರ ಪುಟಕ್ಕೆ ಜಾಸ್ತಿ ಜಾಗ ಬಿಡಿ. ಇದು ಬಹಳ ಮುಖ್ಯ. ಇಂದಿರಾ ಅವರ ಕಿರಣ್‌ಗೆ ಮಾತು ಕಡಿಮೆ. ಲಂಡನ್ ಜಂಬದ ತಂಗಿ. ಬೇರೆಯವರು ಮಾತಾಡುವಾಗ ಅವರ ಹುಬ್ಬು, ತುಟಿಯ ತುದಿ ಮಾತ್ರ ನೋಡಿ. ಒಂದು ದೃಶ್ಯವನ್ನು ಧ್ವನಿ ಬಂದ್ ಮಾಡಿ ನೋಡಿ. ಇವರು ಲಂಡನ್ನಿನ ರಾಡಾ ನಾಟಕ ಶಾಲೆಯಲ್ಲಿ ಕಲಿತವರು. ಈ ಸಿನಿಮಾದ ಮರುವರ್ಷ 'ರೋಮ್' ಧಾರಾವಾಹಿ. 2014ರಿಂದ 'ಗೇಮ್ ಆಫ್ ಥ್ರೋನ್ಸ್'ನಲ್ಲಿ ಎಲೇರಿಯಾ. 2020ರಲ್ಲಿ ಲಂಡನ್ ರಂಗಭೂಮಿಯ ಒಲಿವಿಯರ್ ಪ್ರಶಸ್ತಿ. ಅವರ ಪುಟ ತುಂಬಿ, ಹಾಳೆ ಅಂಟಿಸಬೇಕಾಯಿತು.

ಕೋಹ್ಲಿ ಆದ ನಿತಿನ್ ಗಣಾತ್ರಾ ಇನ್ನೊಬ್ಬರು. ಊಟಕ್ಕೆ ಕೂತು, ಬಾಯಿ ತುಂಬ ತಿನ್ನುತ್ತಲೇ ಅಮೆರಿಕ ಹೊಗಳುವ ಮದುಮಗ. ಕೈ, ಬಾಯಿ, ಮಾತು ಮೂರೂ ಬೇರೆ ಬೇರೆ ವೇಗದಲ್ಲಿ ಓಡುತ್ತವೆ. ಅಷ್ಟು ಗಲಾಟೆಯ ಪಾತ್ರ ಮಾಡಿದವರು 2007ರಿಂದ ಬ್ರಿಟನ್ನಿನ 'ಈಸ್ಟ್‌ಎಂಡರ್ಸ್' ಧಾರಾವಾಹಿಯಲ್ಲಿ ಮಸೂದ್ ಅನ್ನುವ ಸಂಸಾರಸ್ಥನಾಗಿ ವರ್ಷಗಟ್ಟಲೆ ಇದ್ದರು. ಗುರಿಂದರ್ ಅವರ ಹಾಗೆ ಇವರೂ ಕೆನ್ಯಾದಲ್ಲಿ ಹುಟ್ಟಿದವರು.

ಟಿವಿ ಮತ್ತು ನಾಟಕಕ್ಕೆ ಬೇರೆ ಬಣ್ಣದ ಶಾಯಿ ಇಟ್ಟುಕೊಳ್ಳಿ. ನಾನು ಸಿನಿಮಾಕ್ಕೆ ನೀಲಿ, ಟಿವಿಗೆ ಹಸಿರು, ನಾಟಕಕ್ಕೆ ಕೆಂಪು. ಮಾರ್ಟಿನ್ ಪುಟ ತೆರೆದರೆ ಮೊದಲು ಹಸಿರು: 1992ರಿಂದ ನ್ಯೂಜಿಲೆಂಡಿನ 'ಶಾರ್ಟ್‌ಲ್ಯಾಂಡ್ ಸ್ಟ್ರೀಟ್'. ಆಮೇಲೆ ನೀಲಿ: 2002ರಲ್ಲಿ 'ದಿ ರಿಂಗ್'. ಮತ್ತೆ ಹಸಿರು: 2015ರಿಂದ 'ಗ್ರೇಸ್ ಅನಾಟಮಿ', 2019ರಿಂದ 'ವರ್ಜಿನ್ ರಿವರ್'. ಡಾರ್ಸಿ ಆದಾಗ ವಯಸ್ಸು ಮೂವತ್ತರ ಹತ್ತಿರ. ನೆಲೆ ಸಿಕ್ಕಿದ್ದು ನಲವತ್ತು ದಾಟಿದ ಮೇಲೆ. ಈ ಸಿನಿಮಾದಲ್ಲಿ ಅವರು ಕುರ್ತಾ ಪೈಜಾಮ ಹಾಕಿಕೊಂಡು, ಲಾಡಿ ಸಡಿಲಾಗಿ, ಪೈಜಾಮ ಜಾರದ ಹಾಗೆ ಪೇಚಾಡುವ ಒಂದು ಜಾಗ ಇದೆ. ಹೊಲಿಯುವವಳಾದ ನಾನು ಅದನ್ನು ನಾಲ್ಕು ಸಲ ನೋಡಿದ್ದೇನೆ. ನಾಯಕನ ಗತ್ತು ಪೂರ್ತಿ ಬಿಟ್ಟು ಅಷ್ಟು ಸಹಜವಾಗಿ ಮುಜುಗರ ತೋರಿಸುವುದು ಸುಲಭ ಅಲ್ಲ. ಡೇನಿಯಲ್ ಗಿಲೀಸ್ ಕೂಡ ಟಿವಿಯಲ್ಲೇ ನಿಂತರು. 2010ರಿಂದ 'ದಿ ವ್ಯಾಂಪೈರ್ ಡೈರೀಸ್'ನಲ್ಲಿ ಎಲೈಜಾ, ಆಮೇಲೆ ಅದೇ ಪಾತ್ರಕ್ಕೆ 'ದಿ ಒರಿಜಿನಲ್ಸ್'.

ಅಮ್ಮನ ಪಾತ್ರದ ನಾದಿರಾ ಬಬ್ಬರ್ ಪುಟ ಕೆಂಪು. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು 1981ರಲ್ಲಿ 'ಏಕ್‌ಜುಟ್' ತಂಡ ಕಟ್ಟಿದವರು. ಡಾರ್ಸಿಯ ತಾಯಿಯಾಗಿ ಬಂದು ಹೋಗುವ ಮಾರ್ಷಾ ಮೇಸನ್ ನಾಲ್ಕು ಸಲ ಶ್ರೇಷ್ಠ ನಟಿಯ ಆಸ್ಕರ್‌ಗೆ ಹೆಸರು ಪಡೆದವರು. ಬರೆಯದೆ ಇದ್ದಿದ್ದರೆ ಅವರನ್ನು ಯಾರೋ ಒಬ್ಬರು ಅಂತ ದಾಟಿ ಹೋಗುತ್ತಿದ್ದೆ.

ನಿಂತುಹೋದ ಪುಟ ಬಂದರೆ ಗಾಬರಿಯಾಗಬೇಡಿ. ಲಲಿತಾಳ ಅಕ್ಕ ಜಯಾ ಆದ ನಮ್ರತಾ ಶಿರೋಡ್ಕರ್ 1993ರ ಮಿಸ್ ಇಂಡಿಯಾ. ರವಿಚಂದ್ರನ್ ಜೊತೆ ಕನ್ನಡದ 'ಚೋರ ಚಿತ್ತ ಚೋರ'ದಲ್ಲೂ ಇದ್ದರು. 2005ರಲ್ಲಿ ಮಹೇಶ್ ಬಾಬು ಅವರನ್ನು ಮದುವೆಯಾದರು, ನಟನೆ ಬಿಟ್ಟರು. ಅಂಥ ಪುಟಕ್ಕೆ 'ಪಾಪ' ಅಂತ ಬರೆಯಬೇಡಿ. ವರ್ಷ ಬರೆದು ಗೆರೆ ಎಳೆಯಿರಿ, ಸಾಕು.

ಇನ್ನು ಅಕ್ಕನ ಮಗಳ ಪ್ರಶ್ನೆ. ಸ್ಟಾರ್ ಪುಟವನ್ನು ಕೊನೆಗೆ ಬರೆಯಿರಿ ಅನ್ನುವುದು ನನ್ನ ಸಲಹೆ. ಮೊದಲೇ ಬರೆದರೆ ಉಳಿದವರೆಲ್ಲ ಅವರ ನೆರಳಲ್ಲಿ ಕಾಣುತ್ತಾರೆ.

ಐಶ್ವರ್ಯಾ ಅವರ 'ಮೊದಲು' ಅಂಕಣ ಹೀಗಿದೆ. 1994 ವಿಶ್ವಸುಂದರಿ. 1997 'ಇರುವರ್', ತಮಿಳು, ಮಣಿರತ್ನಂ. 1999 'ಹಮ್ ದಿಲ್ ದೇ ಚುಕೇ ಸನಮ್'. 2000 'ಕಂಡುಕೊಂಡೇನ್ ಕಂಡುಕೊಂಡೇನ್', ಅದೂ ಜೇನ್ ಆಸ್ಟೆನ್ ಕಥೆಯಿಂದಲೇ ಬಂದದ್ದು. ಅಂದರೆ ಅಮೃತಸರಕ್ಕೆ ಮೊದಲೇ ಅವರು ತಮಿಳಿನಲ್ಲಿ ಆಸ್ಟೆನ್ ನಾಯಕಿ ಆಗಿದ್ದರು. 2003ರಲ್ಲಿ ಕಾನ್ ಚಿತ್ರೋತ್ಸವದ ತೀರ್ಪುಗಾರರಲ್ಲಿ ಒಬ್ಬರು. ಅದೇ ವರ್ಷ ಬಂಗಾಳಿಯಲ್ಲಿ ಋತುಪರ್ಣೋ ಘೋಷ್ ಅವರ 'ಚೋಖೇರ್ ಬಾಲಿ'.

'ಆಮೇಲೆ' ಅಂಕಣಕ್ಕೆ ಬನ್ನಿ. ಇಂಗ್ಲಿಷಿನಲ್ಲಿ 2005 'ದಿ ಮಿಸ್ಟ್ರೆಸ್ ಆಫ್ ಸ್ಪೈಸಸ್', 2007 'ದಿ ಲಾಸ್ಟ್ ಲೀಜನ್', 2009 'ದಿ ಪಿಂಕ್ ಪ್ಯಾಂಥರ್ 2'. ಅದೇ ವರ್ಷಗಳಲ್ಲಿ ಇಲ್ಲಿ? 2004ರಲ್ಲಿ 'ರೇನ್‌ಕೋಟ್'. 2007 'ಗುರು'. 2008 'ಜೋಧಾ ಅಕ್ಬರ್'. 2010ರಲ್ಲಿ ರಜನಿಕಾಂತ್ ಜೊತೆ 'ಎಂದಿರನ್'. ಎರಡು ಸಾಲು ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದರಲ್ಲಿ ಅವರಿಗೆ ಮೈತುಂಬ ಪಾತ್ರ ಸಿಕ್ಕಿದೆ ಅಂತ ಕಾಣುತ್ತದೆ. ನವೀನ್, ಇಂದಿರಾ, ಮಾರ್ಟಿನ್, ಡೇನಿಯಲ್ ಇಂಗ್ಲಿಷಿನಲ್ಲಿ ನಿಂತದ್ದು ಧಾರಾವಾಹಿಯಿಂದ. ಒಂದೇ ಪಾತ್ರಕ್ಕೆ ವರ್ಷಗಟ್ಟಲೆ ಆ ದೇಶದಲ್ಲೇ ಇರಬೇಕು. ಐಶ್ವರ್ಯಾ ಅವರಿಗೆ ಇಲ್ಲಿ ಅದೇ ಹೊತ್ತಿಗೆ ಹಿಂದಿ, ತಮಿಳಿನಲ್ಲಿ ದೊಡ್ಡ ಕೆಲಸ ಇತ್ತು. 'ನಿಲ್ಲಲಿಲ್ಲ' ಅನ್ನುವ ಮಾತು ನನ್ನ ಪುಸ್ತಕಕ್ಕೆ ಹೊಂದುವುದಿಲ್ಲ.

ಇಷ್ಟಾದ ಮೇಲೆ ನೋಡುವ ಕೆಲಸ. ಎಲ್ಲ ಸಿನಿಮಾ ನೋಡಲು ಯಾರಿಗೂ ಆಗುವುದಿಲ್ಲ. ಒಬ್ಬರದು ಹಿಂದಿನದು ಒಂದು, ಮುಂದಿನದು ಒಂದು, ಅಷ್ಟೇ ನೋಡಿ. ಅನುಪಮ್ ಖೇರ್ ಅವರಿಗೆ 1984ರ 'ಸಾರಾಂಶ್' ಇಟ್ಟುಕೊಳ್ಳಿ. ಇಪ್ಪತ್ತೆಂಟರ ಹುಡುಗ ಮಗನನ್ನು ಕಳಕೊಂಡ ಮುದುಕ ಆಗಿದ್ದಾರೆ. ಅದನ್ನು ನೋಡಿ ಮತ್ತೆ ಈ ಅಮೃತಸರದ ಅಪ್ಪನನ್ನು ನೋಡಿ. ಐಶ್ವರ್ಯಾ ಅವರಿಗೆ ನಾನು ಮತ್ತು ಅಕ್ಕನ ಮಗಳು 'ಇರುವರ್' ಮತ್ತು 2022ರ 'ಪೊನ್ನಿಯಿನ್ ಸೆಲ್ವನ್' ಆರಿಸಿಕೊಂಡೆವು. ಎರಡು ಭಾನುವಾರ, ಅಂಗಡಿ ಬಾಗಿಲು ಅರ್ಧ ಎಳೆದು, ಕಟಿಂಗ್ ಟೇಬಲ್ ಮೇಲೆ ಫೋನು ಒರಗಿಸಿ ಇಟ್ಟು ನೋಡಿದೆವು.

'ಪೊನ್ನಿಯಿನ್ ಸೆಲ್ವನ್'ನಲ್ಲಿ ಐಶ್ವರ್ಯಾ ಮಾಡಿದ ನಂದಿನಿಯ ಮುಖದ್ದೇ ಇನ್ನೊಬ್ಬಳು ಬಂದಾಗ ಅಕ್ಕನ ಮಗಳು ಫೋನು ನಿಲ್ಲಿಸಿದಳು. "ಚಿಕ್ಕಮ್ಮಾ, ಇರುವರ್‌ನಲ್ಲೂ ಎರಡು ಪಾತ್ರ ಅಲ್ವಾ?" ಹೌದು. ಅದೇ ಮಣಿರತ್ನಂ, ಅದೇ ದ್ವಿಪಾತ್ರ, ನಡುವೆ ಇಪ್ಪತ್ತೈದು ವರ್ಷ. ನನಗೇ ಹೊಳೆದಿರಲಿಲ್ಲ. ಅವಳು ಬಟ್ಟೆ ಗುರುತು ಹಾಕುವ ಪೆನ್ಸಿಲ್ ತಗೊಂಡು, 1997ರ ಸಾಲಿನಿಂದ 2022ರ ಸಾಲಿನವರೆಗೆ ಪುಟದ ಅಂಚಿನಲ್ಲಿ ಒಂದು ಉದ್ದ ಗೆರೆ ಎಳೆದಳು.