ನಿಧಾನ ಹೋದ್ರೆ ಬಿಸಿ, ಜೋರು ಹೋದ್ರೆ ತಣ್ಣಗೆ: ಔಟ್‌ಬೋರ್ಡ್ ಮೋಟರಿನ ಈ ಕಾಯಿಲೆ ಹಿಡಿಯೋದು ಹೇಗೆ

ಔಟ್‌ಬೋರ್ಡ್ ಅಂದ್ರೆ ಬೋಟಿನ ಹಿಂಭಾಗಕ್ಕೆ ಹೊರಗಡೆ ಕಟ್ಟೋ ಮೋಟರ್. ಬೋಟು ಜೋರಾಗಿ ಓಡ್ತಿರೋವಾಗ ಏನೂ ತೊಂದ್ರೆ ಇಲ್ಲ, ಟೆಂಪರೇಚರ್ ಮುಳ್ಳು ತನ್ನ ಪಾಡಿಗೆ ತಾನಿರತ್ತೆ, ದಡ ಹತ್ರ ಬಂತು ಅಂತ ಥ್ರಾಟಲ್ ಇಳಿಸಿ ಮೆಲ್ಲಗೆ ಬರ್ತಾ ಐದು ನಿಮಿಷ ಆಗಿರಲ್ಲ, ಕುಂಯ್ಯೋ ಅಂತ ಅಲಾರಂ. ಮತ್ತೆ ಸ್ವಲ್ಪ ಥ್ರಾಟಲ್ ಕೊಟ್ರೆ ಸುಮ್ನಾಗತ್ತೆ. ಮೊದಲ ಸಲ ನೋಡಿದವರಿಗೆ ಇದು ಉಲ್ಟಾ ಲೆಕ್ಕ ಅನ್ಸತ್ತೆ, ಜಾಸ್ತಿ ದುಡಿದಾಗ ತಾನೆ ಇಂಜಿನ್ ಬಿಸಿ ಆಗ್ಬೇಕು? ಆದ್ರೆ ಈ ಉಲ್ಟಾ ಲೆಕ್ಕನೇ ನಿಮಗೆ ಸಿಕ್ಕಿರೋ ದೊಡ್ಡ ಸುಳಿವು. ಯಾವ ಸ್ಪೀಡಲ್ಲಿ ಬಿಸಿ ಆಗ್ತಿದೆ ಅನ್ನೋದನ್ನ ಸರಿಯಾಗಿ ನೋಡ್ಕೊಂಡ್ರೆ ಅರ್ಧ ರಿಪೇರಿ ಆದ ಹಾಗೆ.

ಮೊದಲು ನೀರು ಹೋಗೋ ದಾರಿ ತಿಳ್ಕೊಳ್ಳಿ, ಇಲ್ದಿದ್ರೆ ಮುಂದಿನದು ತಲೆಗೆ ಹತ್ತಲ್ಲ. ಬಹುತೇಕ ಔಟ್‌ಬೋರ್ಡಿಗೆ ಕಾರಿನ ಥರ ರೇಡಿಯೇಟರ್ ಇಲ್ಲ, ತಾನು ನಿಂತಿರೋ ನೀರನ್ನೇ ಎಳ್ಕೊಂಡು ತಣ್ಣಗಾಗತ್ತೆ. ಕೆಳಗಡೆ ಗೇರ್‌ಕೇಸಲ್ಲಿ, ಅಂದ್ರೆ ಪ್ರೊಪೆಲ್ಲರ್ ಇರೋ ಭಾಗದಲ್ಲಿ, ಜಾಲರಿ ಇರತ್ತೆ, ಅಲ್ಲಿಂದ ನೀರು ಒಳಗೆ ಬರತ್ತೆ, ಅದರ ಮೇಲೆ ಪಂಪಿನೊಳಗೆ ಒಂದು ರಬ್ಬರ್ ಇಂಪೆಲ್ಲರ್, ಅಂದ್ರೆ ರೆಕ್ಕೆಗಳಿರೋ ಚಕ್ರ, ತಿರುಗ್ತಾ ನೀರನ್ನ ಮೇಲಕ್ಕೆ ತಳ್ಳತ್ತೆ, ಇಂಜಿನ್ ಸುತ್ತಿ ಬಂದ ನೀರು ಥರ್ಮೋಸ್ಟಾಟ್ ದಾಟಿ ಹೊರಗೆ ಬೀಳತ್ತೆ. ಥರ್ಮೋಸ್ಟಾಟ್ ಅಂದ್ರೆ ನೀರು ಬಿಸಿಯಾದಾಗ ತೆರ್ಕೊಂಡು ತಣ್ಣಗಾದಾಗ ಮುಚ್ಕೊಳ್ಳೋ ವಾಲ್ವ್. ದೊಡ್ಡ ಮೋಟರ್‌ಗಳಲ್ಲಿ ಥರ್ಮೋಸ್ಟಾಟ್ ಜೊತೆಗೆ ಇನ್ನೊಂದು ಪ್ರೆಶರ್ ವಾಲ್ವ್ ಇರತ್ತೆ, ಪಾಪೆಟ್ ಅಂತಾರೆ. ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗೋ ಸುತ್ತು) ಏರಿ ನೀರಿನ ಒತ್ತಡ ಜಾಸ್ತಿ ಆದ್ರೆ ಇದು ತಾನೇ ತೆರ್ಕೊಂಡು ಥರ್ಮೋಸ್ಟಾಟನ್ನ ಕೇಳದೆ ನೀರು ಹರಿಸಿಬಿಡತ್ತೆ.

ಈಗ ಲೆಕ್ಕ ಕೂಡ್ತಲ್ಲ? ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲೇ ಹಿಡ್ಕೊಂಡು ಕೂತಿದ್ರೆ ನಿಧಾನಕ್ಕೆ ಹೋಗೋವಾಗ ನೀರಿಗೆ ದಾರಿನೇ ಇಲ್ಲ, ಜೋರು ಹೋದಾಗ ಪಾಪೆಟ್ ತೆರ್ಕೊಳ್ಳತ್ತೆ, ಇಂಜಿನ್ ಬಚಾವ್. ಇಂಪೆಲ್ಲರ್ ಸವೆದಿದ್ರೂ ಹೀಗೇ ಆಗತ್ತೆ, ಯಾಕಂದ್ರೆ ಕಡಿಮೆ ಆರ್‌ಪಿಎಂನಲ್ಲಿ ಆ ರಬ್ಬರ್ ರೆಕ್ಕೆಗಳು ಗೋಡೆಗೆ ಒತ್ತಿ ನೀರನ್ನ ಮೊಗೆದು ಮೊಗೆದು ಕಳಿಸ್ಬೇಕು, ಸವೆದ ರೆಕ್ಕೆ ಒತ್ತಲ್ಲ, ಸಂದಿಯಲ್ಲಿ ನೀರು ವಾಪಸ್ ಜಾರತ್ತೆ. ಸ್ಪೀಡ್ ಏರಿದಾಗ ಮಾತ್ರ ತಿರುಗೋ ರಭಸಕ್ಕೇ ನೀರು ಮೇಲೆ ಹೋಗತ್ತೆ. ಜೋರು ಹೋದಾಗ ಮಾತ್ರ ಬಿಸಿ ಆಗೋದು ಬೇರೆ ಕಥೆ, ಅಲ್ಲಿ ಸಾಮಾನ್ಯವಾಗಿ ಜಾಲರಿಗೆ ಕಸ ಕಟ್ಟಿರತ್ತೆ ಅಥವಾ ಪಾಪೆಟ್ ತೆರೀತಿರಲ್ಲ.

ನೀರಿನ ಮಧ್ಯೆ ಅಲಾರಂ ಹೊಡೆದ್ರೆ

ನ್ಯೂಟ್ರಲ್‌ಗೆ ಹಾಕಿ ಹಿಂದೆ ತಿರುಗಿ ಪಿಚಕಾರಿ ನೋಡಿ, ಅಂದ್ರೆ ಮೋಟರ್ ಪಕ್ಕದ ಸಣ್ಣ ತೂತಿಂದ ಚಿಮ್ಮೋ ನೀರಿನ ಧಾರೆ. ಧಾರೆ ಇಲ್ಲ ಅಂದ್ರೆ ತಕ್ಷಣ ಆಫ್ ಮಾಡಿ, ಲಂಗರು ಹಾಕಿ, ಮೋಟರ್ ಎತ್ತಿ ಜಾಲರಿ ನೋಡಿ, ಪ್ಲಾಸ್ಟಿಕ್ ಚೀಲ ಅಥವಾ ಜೊಂಡು ಸುತ್ತಿರಬಹುದು. ಧಾರೆ ಇದ್ದೂ ಅಲಾರಂ ನಿಲ್ತಿಲ್ಲ ಅಂದ್ರೂ ಆಫ್ ಮಾಡೋದೇ ಕ್ಷೇಮ. ಥ್ರಾಟಲ್ ಕೊಟ್ಟು ಅಲಾರಂ ಸುಮ್ನಾಗಿಸಿ ಮನೆ ಸೇರಿದೆ ಅಂತ ಹೇಳ್ಕೊಳ್ಳೋರು ಇದ್ದಾರೆ, ಆದ್ರೆ ದಡದ ಹತ್ರ ನಿಧಾನ ಮಾಡ್ಲೇಬೇಕಲ್ವಾ, ಆಗ ಏನ್ಮಾಡ್ತೀರಿ? ಬಿಸಿ ಇರೋವಾಗ ಥರ್ಮೋಸ್ಟಾಟ್ ಮುಚ್ಚಳ ಬಿಚ್ಚೋಕೆ ಹೋಗ್ಬೇಡಿ, ಕೈ ಸುಟ್ಕೊಳ್ತೀರಿ.

ಇನ್ನೊಂದು, ನೀರು ಕಮ್ಮಿ ಇರೋ ಕಡೆ ಮೋಟರನ್ನ ಎತ್ತಿ ಓಡಿಸ್ತಿದ್ರಾ? ಜಾಲರಿ ನೀರಿನ ಮೇಲ್ಮೈ ಹತ್ರ ಬಂದು ಗಾಳಿ ಎಳ್ಕೊಂಡ್ರೂ ನಿಧಾನದಲ್ಲೇ ಬಿಸಿ ಆಗತ್ತೆ. ಮೋಟರ್ ಇಳಿಸಿ ನೋಡಿ, ಅಷ್ಟಕ್ಕೇ ಸರಿ ಹೋದ್ರೆ ನಿಮ್ಮ ಅದೃಷ್ಟ.

ಪಿಚಕಾರಿ ಹೇಳಿದ್ದು ಕೇಳದೆ ನಾನು ಕೆಟ್ಟಿದ್ದು

ಗೆಳೆಯರೊಬ್ಬರ ಮೋಟರ್ ಇದೇ ಥರ ಆಡ್ತಿತ್ತು, ಧಾರೆ ಚೆನ್ನಾಗೇ ಬರ್ತಿತ್ತು, ಆದ್ರೂ ನಾನು ದೊಡ್ಡ ಮೆಕ್ಯಾನಿಕ್ ಥರ ಇಂಪೆಲ್ಲರ್ ಬದಲಾಯಿಸಿದೆ, ಸರಿ ಹೋಗ್ಲಿಲ್ಲ, ನಾನೇ ತಪ್ಪಾಗಿ ಕೂರಿಸಿರ್ಬೇಕು ಅಂತ ಮತ್ತೆ ಬಿಚ್ಚಿ ಮತ್ತೆ ಹಾಕಿದೆ, ಎರಡು ಭಾನುವಾರ ಹೋಯ್ತು. ಕೊನೆಗೆ ನೋಡಿದ್ರೆ ಥರ್ಮೋಸ್ಟಾಟ್ ಉಪ್ಪು ಹಿಡ್ದು ಕಲ್ಲಾಗಿತ್ತು. ಬಹಳಷ್ಟು ಮೋಟರಲ್ಲಿ ಆ ಧಾರೆ ಥರ್ಮೋಸ್ಟಾಟಿಗಿಂತ ಮುಂಚೆನೇ ಕವಲೊಡೆದು ಹೊರಗೆ ಬರತ್ತೆ, ಹಾಗಾಗಿ ಧಾರೆ ಬರ್ತಿದೆ ಅಂದ್ರೆ ಪಂಪ್ ನೀರೆತ್ತುತ್ತಿದೆ ಅಂತಷ್ಟೇ ಅರ್ಥ, ಇಂಜಿನ್ ಒಳಗೆ ನೀರು ಸುತ್ತಾಡ್ತಿದೆ ಅಂತಲ್ಲ. ಧಾರೆ ಇಲ್ಲ ಅಂದಾಕ್ಷಣ ಪಂಪ್ ಕೆಟ್ಟಿದೆ ಅಂತಾನೂ ಅಲ್ಲ, ಆ ತೂತಲ್ಲಿ ಕಣಜ ಗೂಡು ಕಟ್ಟಿರತ್ತೆ ಇಲ್ಲ ಮರಳು ಕೂತಿರತ್ತೆ, ಹುಲ್ಲು ಕತ್ತರಿಸೋ ಮೆಷಿನ್ನಿನ ನೈಲಾನ್ ದಾರ ತೂರಿಸಿ ಆಡಿಸಿದ್ರೆ ಬಿಡತ್ತೆ.

ಆದ್ದರಿಂದ ಬಿಚ್ಚೋ ಮೊದ್ಲು ಅಳೀರಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಒಂದಿದ್ರೆ ಸಾಕು. ಬೋಟು ನೀರಲ್ಲಿ ಕಟ್ಟಿದ್ದ ಹಾಗೇ ಐಡಲ್‌ನಲ್ಲಿ, ಅಂದ್ರೆ ಥ್ರಾಟಲ್ ಕೊಡದೆ ಇಂಜಿನ್ ಓಡೋಕೆ, ಬಿಡಿ, ಸಿಲಿಂಡರ್ ಹೆಡ್ ಮೇಲೆ, ಥರ್ಮೋಸ್ಟಾಟ್ ಹತ್ರ, ಸೆನ್ಸರ್ ಹತ್ರ ಎರಡೆರಡು ನಿಮಿಷಕ್ಕೆ ಅಳೆದು ಬರ್ಕೊಳ್ಳಿ. ಪೇಂಟ್ ಇರೋ ಜಾಗಕ್ಕೇ ಹಿಡೀರಿ, ಹೊಳೆಯೋ ಲೋಹಕ್ಕೆ ಹಿಡಿದ್ರೆ ಗನ್ ಸುಳ್ಳು ಹೇಳತ್ತೆ. ಅಲಾರಂ ಹೊಡೀತಿದೆ ಆದ್ರೆ ಎಲ್ಲಾ ಕಡೆ ಸಾಮಾನ್ಯ ಬಿಸಿನೇ ಇದೆ ಅಂದ್ರೆ ಸೆನ್ಸರ್ ಅಥವಾ ವೈರಿಂಗ್ ಮೇಲೆ ಅನುಮಾನ ಪಡಿ. ವಿ ಆಕಾರದ ಇಂಜಿನ್ ಆದ್ರೆ ಎರಡೂ ಕಡೆ ಒಂದೊಂದು ಥರ್ಮೋಸ್ಟಾಟ್ ಇರೋದು ಸಾಮಾನ್ಯ, ಒಂದೇ ಕಡೆ ಬಿಸಿ ಏರಿದ್ರೆ ಆ ಕಡೆಯ ಥರ್ಮೋಸ್ಟಾಟನ್ನೇ ಮೊದಲು ಹಿಡ್ಕೊಳ್ಳಿ, ಎರಡೂ ಕಡೆ ಒಟ್ಟಿಗೆ ಏರಿದ್ರೆ ಪಂಪಿನ ಕಡೆ ಹೋಗಿ.

ಥರ್ಮೋಸ್ಟಾಟ್ ಪರೀಕ್ಷೆ ಅಡುಗೆಮನೆಯಲ್ಲೇ ಮಾಡಬಹುದು, ಮನೆಯವರು ಬೈದ್ರೆ ನಾನು ಜವಾಬ್ದಾರನಲ್ಲ. ಅದರ ಮೇಲೆ ಎಷ್ಟು ಡಿಗ್ರಿಗೆ ತೆರೀಬೇಕು ಅಂತ ಅಚ್ಚು ಹಾಕಿರತ್ತೆ, ಎಷ್ಟೋ ಔಟ್‌ಬೋರ್ಡಲ್ಲಿ 50ರಿಂದ 60 ಡಿಗ್ರಿ ಸೆಲ್ಸಿಯಸ್, ಕಾರಿಗಿಂತ ಎಷ್ಟೋ ಕಮ್ಮಿ, ಯಾಕಂದ್ರೆ ಉಪ್ಪುನೀರು ಜಾಸ್ತಿ ಬಿಸಿಯಾದಷ್ಟೂ ಗಸಿ ಕಟ್ಟೋದು ಜಾಸ್ತಿ. ವಾಲ್ವಿನ ಬಾಯಿಗೆ ದಾರ ಸಿಕ್ಕಿಸಿ ಪಾತ್ರೆ ನೀರಲ್ಲಿ ಇಳಿಬಿಡಿ, ಪಾತ್ರೆ ತಳಕ್ಕೆ ತಾಗಬಾರದು, ಪಕ್ಕದಲ್ಲಿ ಥರ್ಮಾಮೀಟರ್ ಇಡಿ, ಸಣ್ಣ ಉರಿಯಲ್ಲಿ ಕಾಯಿಸಿ. ಬಾಯಿ ತೆರ್ಕೊಂಡಾಗ ಅದು ದಾರದಿಂದ ಜಾರಿ ಬೀಳತ್ತೆ, ಆಗಿನ ಡಿಗ್ರಿ ನೋಡಿ. ನೀರು ಕುದಿಯೋ ತನಕ ಬೀಳ್ಲೇ ಇಲ್ಲ ಅಂದ್ರೆ ಕಳ್ಳ ಸಿಕ್ಕಿದ. ಉಜ್ಜಿ ತೊಳೆದು ವಾಪಸ್ ಹಾಕೋಕೆ ಹೋಗ್ಬೇಡಿ, ಹೊಸದು ಹಾಕಿ, ಗ್ಯಾಸ್ಕೆಟ್ಟೂ (ಸಂದಿ ಸೋರದ ಹಾಗೆ ನಡುವೆ ಇಡೋ ಹಾಳೆ) ಹೊಸದೇ. ಕೆಲವರು ಥರ್ಮೋಸ್ಟಾಟೇ ಬೇಡ ಅಂತ ತೆಗೆದು ಬಿಸಾಕ್ತಾರೆ, ಆಮೇಲೆ ಇಂಜಿನ್ ಯಾವಾಗ್ಲೂ ತಣ್ಣಗೇ ಓಡಿ ಪೆಟ್ರೋಲ್ ಸರಿಯಾಗಿ ಉರಿಯಲ್ಲ, ಫೋರ್ ಸ್ಟ್ರೋಕ್ ಆದ್ರೆ ಉರಿಯದ ಪೆಟ್ರೋಲ್ ಇಂಜಿನ್ ಆಯಿಲ್ ಜೊತೆ ಸೇರ್ಕೊಳ್ಳತ್ತೆ. ಮುಚ್ಚಳ ತೆಗೆದಾಗಲೇ ಪಾಪೆಟ್ ಇದ್ರೆ ಅದನ್ನೂ ಕ್ಲೀನ್ ಮಾಡ್ಬಿಡಿ.

ಇಂಪೆಲ್ಲರ್ ಬದಲಾಯಿಸೋದು

ಇದಕ್ಕೆ ಗೇರ್‌ಕೇಸನ್ನ ಪೂರ್ತಿ ಕೆಳಗಿಳಿಸ್ಬೇಕು. ಕೀ ತೆಗೆದು ಬ್ಯಾಟರಿ ವೈರ್ ಬಿಡಿಸಿ, ಗೇರ್ ರಾಡ್ ಹೇಗೆ ಬಿಡಿಸೋದು ಅಂತ ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್ ನೋಡಿ, ಒಂದೊಂದರದ್ದು ಒಂದೊಂದು ಥರ. ಎಲ್ಲಾ ಬೋಲ್ಟ್ ಬಿಚ್ಚಿದ್ರೂ ಕೇಸ್ ಅಲ್ಲಾಡ್ತಿಲ್ಲ ಅಂದ್ರೆ ಸುತ್ತಿಗೆ ತರೋಕೆ ಮುಂಚೆ ಪ್ರೊಪೆಲ್ಲರ್ ಮೇಲಿರೋ ಸಣ್ಣ ಟ್ರಿಮ್ ಟ್ಯಾಬ್ (ಮೀನಿನ ರೆಕ್ಕೆ ಥರದ ತುಂಡು) ಬಿಚ್ಚಿ ನೋಡಿ, ಎಷ್ಟೋ ಮೋಟರಲ್ಲಿ ಅದರಡಿ ಒಂದು ಬೋಲ್ಟ್ ಅಡಗಿ ಕೂತಿರತ್ತೆ.

ಪಂಪ್ ಬಿಚ್ಚಿದ ಮೇಲೆ ರೆಕ್ಕೆಗಳನ್ನ ನೋಡಿ. ಒಂದೇ ಕಡೆ ಬಾಗಿ ಹಾಗೇ ನಿಂತ್ಬಿಟ್ಟಿದ್ರೆ, ತುದಿ ಸವೆದಿದ್ರೆ, ಬುಡದಲ್ಲಿ ಬಿರುಕಿದ್ರೆ ಅದು ಮುಗೀತು. ರೆಕ್ಕೆ ಮುರಿದಿದ್ರೆ ಚೂರುಗಳನ್ನೆಲ್ಲಾ ಹುಡುಕಿ ಜೋಡಿಸಿ ಲೆಕ್ಕ ಹಾಕಿ, ಸಿಗದ ಚೂರು ಮೇಲೆ ಹೋಗಿ ನೀರಿನ ದಾರಿಯಲ್ಲಿ ಇಲ್ಲಾ ಥರ್ಮೋಸ್ಟಾಟಲ್ಲಿ ಸಿಕ್ಕಿರತ್ತೆ, ಹೊಸ ಇಂಪೆಲ್ಲರ್ ಹಾಕಿದ್ರೂ ಬಿಸಿ ನಿಲ್ಲಲ್ಲ. ಇಂಪೆಲ್ಲರ್ ಒಂದನ್ನೇ ತರೋದು ಸುಳ್ಳು ಉಳಿತಾಯ, ಅದು ಉಜ್ಜೋ ಸ್ಟೀಲ್ ಪ್ಲೇಟು ಮತ್ತು ಸುತ್ತಲಿನ ಹೌಸಿಂಗ್ ಮರಳಿಗೆ ಗೀರಿದ್ರೆ ಹೊಸ ರಬ್ಬರೂ ಒತ್ತಿ ಕೂರಲ್ಲ, ಪೂರ್ತಿ ಕಿಟ್ ತನ್ನಿ. ಕೂರಿಸೋವಾಗ ಸೋಪಿನ ನೀರು ಅಥವಾ ಗ್ಲಿಸರಿನ್ ಹಚ್ಚಿ, ಶಾಫ್ಟನ್ನ ಅದು ತಿರುಗೋ ದಿಕ್ಕಿಗೇ ತಿರುಗಿಸ್ತಾ ಹೌಸಿಂಗ್ ಇಳಿಸಿ, ಬಹಳಷ್ಟು ಮೋಟರಲ್ಲಿ ಅದು ಮೇಲಿಂದ ನೋಡಿದ್ರೆ ಗಡಿಯಾರದ ದಿಕ್ಕು. ಇಂಪೆಲ್ಲರನ್ನ ಶಾಫ್ಟಿಗೆ ಹಿಡಿದಿಡೋ ಸಣ್ಣ ಲೋಹದ ತುಂಡು (ಇದಕ್ಕೂ ಕೀ ಅಂತಾರೆ) ಜಾರಿ ಬೀಳದ ಹಾಗೆ ನೋಡ್ಕೊಳ್ಳಿ, ಅದಿಲ್ದಿದ್ರೆ ಶಾಫ್ಟ್ ತಿರುಗತ್ತೆ ಇಂಪೆಲ್ಲರ್ ತಿರುಗಲ್ಲ. ಕೇಸ್ ಮೇಲೆತ್ತೋವಾಗ ನೀರಿನ ಪೈಪು ಅದರ ರಬ್ಬರ್ ಬುಷ್ ಒಳಗೇ ಕೂತಿದ್ಯಾ ಅಂತ ಎರಡು ಸಲ ನೋಡಿ. ಆಮೇಲೆ ನೀರಿಲ್ಲದೆ ಒಂದು ಸಲವೂ ಸ್ಟಾರ್ಟ್ ಮಾಡ್ಬೇಡಿ, ಒಣಗಿದ ರಬ್ಬರ್ ಸುಡೋಕೆ ಕೆಲವೇ ಸೆಕೆಂಡ್ ಸಾಕು.

ಎರಡೂ ಹೊಸದು ಹಾಕಿದ್ಮೇಲೂ ಬಿಸಿ ಆಗ್ತಿದ್ರೆ ಒಳದಾರಿಗಳಲ್ಲಿ ಉಪ್ಪು ಮತ್ತು ಸುಣ್ಣ ಕಟ್ಟಿರಬಹುದು, ಉಪ್ಪುನೀರಲ್ಲಿ ಓಡಿಸಿ ಸಿಹಿನೀರಲ್ಲಿ ತೊಳೆಯದ ಮೋಟರಿಗೆ ಇದು ಖಾಯಂ. ಇಲ್ಲಾಂದ್ರೆ ಹೆಡ್ ಗ್ಯಾಸ್ಕೆಟ್ ಹೋಗಿ ಉರಿದ ಗ್ಯಾಸ್ ನೀರಿನ ದಾರಿಗೆ ನುಗ್ತಿರತ್ತೆ. ಅದನ್ನ ಗೊತ್ತಿರೋರ ಕೈಗೆ ಕೊಡಿ, ಹೆಡ್ ಬೋಲ್ಟನ್ನ ಅಂದಾಜಿಗೆ ಬಿಗಿ ಮಾಡೋ ಕೆಲಸ ಅಲ್ಲ ಅದು.

ಎಲ್ಲಾ ಜೋಡಿಸಿದ ಮೇಲೆ ಟೆಸ್ಟ್ ಮಾಡೋವಾಗ ಖುಷಿಯಲ್ಲಿ ಫುಲ್ ಥ್ರಾಟಲ್ ಕೊಟ್ಟು ಒಂದು ಸುತ್ತು ಹೊಡೆದು ಬಂದು ಸರಿ ಹೋಯ್ತು ಅನ್ಬೇಡಿ, ಕೆಟ್ಟಿದ್ದಾಗಲೂ ಅದು ಜೋರಾಗಿ ಚೆನ್ನಾಗೇ ಓಡ್ತಿತ್ತಲ್ಲ. ಬೋಟು ಕಟ್ಟಿ ಐಡಲ್‌ನಲ್ಲೇ ಹದಿನೈದು ನಿಮಿಷ ಬಿಡಿ, ಮತ್ತೆ ಅದೇ ಜಾಗಗಳಿಗೆ ಗನ್ ಹಿಡಿದು ಹಳೇ ಚೀಟಿ ಪಕ್ಕ ಹೊಸ ಡಿಗ್ರಿ ಬರೀರಿ.