ಧಾರವಾಡದ ಮಾಳಮಡ್ಡಿ ಮನ್ಯಾಗ ಕೂತು ಅಮೆರಿಕದ ಸರಕಾರ ಓದೂದು

ನಾ ಹೈಸ್ಕೂಲಿನ್ಯಾಗ 31 ವರ್ಷ ಪೌರನೀತಿ ಕಲಿಸಿ ರಿಟೈರ್ ಆದಾಂವ. ಮೊಮ್ಮಗಳು ಮುಂದ ಅಮೆರಿಕದಾಗ ಓದಬೇಕಂತ ಅಲ್ಲಿಯ ಒಂದು ಆನ್‌ಲೈನ್ ಶಾಲೆಯೊಳಗ ಎಪಿ ಗವರ್ನಮೆಂಟ್ ಕೋರ್ಸಿಗೆ (ಹೈಸ್ಕೂಲಿನ್ಯಾಗಿದ್ದಾಗನ ಕಾಲೇಜು ಮಟ್ಟದ್ದು ಕಲಿಸೂ 'ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್' ಕೋರ್ಸು, ಅಮೆರಿಕದ ಸರಕಾರದ ಬಗ್ಗೆ) ಹೆಸರು ಹಚ್ಚಿದ್ಲು. "ಅಜ್ಜಾ, ನಿನ್ನ ಸಬ್ಜೆಕ್ಟೇ ಅದ, ನೀನ ಹೇಳಿಕೊಡು" ಅಂದ್ಲು. ಹೂಂ ಅಂದೆ. ನನಗ ಗೊತ್ತಿದ್ದದ್ದ ಅಕಿಗೆ ಅಡ್ಡ ಬರ್ತದ ಅಂತ ಆವಾಗ ತಿಳೀಲಿಲ್ಲ.

ಮೊದಲ ಗಡಿಯಾರ ನೋಡ್ಕೋರಿ. ಹೋಮ್‌ವರ್ಕ್ ಕಳಸಾಕ ಅವರ ಕೊನೇ ಗಳಿಗಿ ರಾತ್ರಿ 11:59. ನ್ಯೂಯಾರ್ಕ್ ವೇಳೆ ಹಿಡಿದ್ರ, ಚಳಿಗಾಲದಾಗ ನಮಗ ಮರುದಿನ ಮುಂಜಾನೆ 10:29. ಅಕಿ ನಾಷ್ಟಾ ಮುಗಿಸಿ ಹತ್ತಕ್ಕ ಕಳಸೂ ರೂಢಿ ಮಾಡಿಕೊಂಡಿದ್ಲು. ಮಾರ್ಚ್ ಎರಡನೇ ರವಿವಾರ ಅವರು ಗಡಿಯಾರ ಒಂದು ತಾಸು ಮುಂದ ಸರಸ್ತಾರ; ನಮ್ಮ 10:29 ಹೋಗಿ 9:29 ಆತು. ಆ ವಾರದ ಪ್ರಬಂಧ ತಡ ಅಂತ ಅಂಕ ಕತ್ತರಿಸಿದ್ರು. ಜಗಳಾಡಿ ಉಪಯೋಗಿಲ್ಲ, ತಪ್ಪು ನಮ್ಮದ. ನವೆಂಬರ್ ಮೊದಲ ರವಿವಾರ ತಿರುಗಿ ಹಿಂದ ಸರಸ್ತಾರ. ಎರಡೂ ದಿನ ಕ್ಯಾಲೆಂಡರಿನ್ಯಾಗ ಗುರ್ತು ಹಾಕಿ ಇಡ್ರಿ.

ಇನ್ನೊಂದು, ಕೋರ್ಸ್ ಬ್ಯಾರೆ, ಪರೀಕ್ಷೆ ಬ್ಯಾರೆ. ಮೇ ತಿಂಗಳ ಪರೀಕ್ಷೆಗೆ ದೀಪಾವಳಿ ಸುತ್ತಮುತ್ತನ ಹೆಸರು ಹಚ್ಚಬೇಕು, ಅದಕ್ಕ ಕೇಂದ್ರಕ್ಕ ಹೋಗಬೇಕು. ನಾವು ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದ್ವಿ.

ಈಗ ಓದೂ ಮಾತು. ಒಂದು ನೋಟ್‌ಬುಕ್ಕಿನ್ಯಾಗ ಎಡಕ್ಕ 'ನಮ್ಮದು', ಬಲಕ್ಕ 'ಅವರದು' ಅಂತ ಗೆರಿ ಹೊಡೀರಿ. ನಾ ಮೊದಲನೇ ವಾರ ಗೆರಿ ಹೊಡೀದ, "ಸೆನೆಟ್, ಅಂದ್ರ ಅವರ ಸಂಸತ್ತಿನ ಮೇಲ್ಮನಿ, ನಮ್ಮ ರಾಜ್ಯಸಭಾ ಇದ್ದಂಗ" ಅಂದುಬಿಟ್ಟೆ. ಅಕಿ ಕ್ವಿಜ್‌ನ್ಯಾಗ ಸೆನೆಟ್ ಸೀಟು ಜನಸಂಖ್ಯಾ ನೋಡಿ ಹಂಚ್ತಾರ ಅಂತ ಗುರ್ತು ಹಾಕಿ ಬಂದ್ಲು. ರಾಜ್ಯಸಭಾದಾಗ ಕರ್ನಾಟಕಕ್ಕ 12, ಸಿಕ್ಕಿಂಗೆ 1. ಸೆನೆಟ್‌ನ್ಯಾಗ ಕ್ಯಾಲಿಫೋರ್ನಿಯಾಕ್ಕೂ ಇಬ್ಬರ, ವಯೋಮಿಂಗ್‌ಗೂ ಇಬ್ಬರ. ಗವರ್ನರ್ ಅನ್ನೂ ಶಬ್ದ ಇನ್ನೂ ಮೋಸದ್ದು: ನಮ್ಮ ರಾಜ್ಯಪಾಲರನ್ನ ರಾಷ್ಟ್ರಪತಿ ನೇಮಸ್ತಾರ, ಅವರ ಗವರ್ನರನ್ನ ಜನಾನ ಆರಸ್ತಾರ, ಕೆಲಸ ನಮ್ಮ ಮುಖ್ಯಮಂತ್ರಿದು. ಅವಿಶ್ವಾಸ ಗೊತ್ತುವಳಿ ತಂದು ಅಧ್ಯಕ್ಷನ್ನ ಇಳಸೂದು ಅಲ್ಲಿ ಇಲ್ಲೇ ಇಲ್ಲ.

ಹುಬ್ಬಳ್ಳಿ ಗ್ರಾಮೀಣದಿಂದ ಆರಿಸಿ ಬಂದಿದ್ದ ಎಸ್.ಆರ್. ಬೊಮ್ಮಾಯಿಯವರ ಸರಕಾರ 1989ರಾಗ ವಜಾ ಆದದ್ದು, 1994ರಾಗ ಸುಪ್ರೀಂ ಕೋರ್ಟ್ ಹಂಗ ವಜಾ ಮಾಡೂ ಅಧಿಕಾರಕ್ಕ ಮಿತಿ ಹಾಕಿ ತೀರ್ಪು ಕೊಟ್ಟದ್ದು ಹೇಳಿದ ಮ್ಯಾಲ ಅಕಿಗೆ ಒಕ್ಕೂಟ ವ್ಯವಸ್ಥಾ ತಲಿಗೆ ಹತ್ತಿತು. ರಾಜ್ಯ ಸರಕಾರ ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರೂ ನಮ್ಮ 356ನೇ ವಿಧಿಯಂಥಾ ಅಸ್ತ್ರ ಅಮೆರಿಕದ ಅಧ್ಯಕ್ಷನ ಕೈಯಾಗಿಲ್ಲ. ಆದ್ರ ಬೊಮ್ಮಾಯಿ ಕೇಸು ತಿಳಕೊಳ್ಳಾಕಷ್ಟ. ಪ್ರಬಂಧದಾಗ ಅವರು ಕೊಟ್ಟ ದಾಖಲೆಯೊಳಗಿಂದ ಒಂದಾದ್ರೂ ಸಾಕ್ಷಿ ಕೊಡಲೇಬೇಕು.

ಓದಲೇಬೇಕಾದ ದಾಖಲೆ 9, ಕೇಸು 14. ಅಮೆರಿಕದ ಸಂವಿಧಾನದ ಪರ ಮ್ಯಾಡಿಸನ್ ಬರದ ಲೇಖನ ಫೆಡರಲಿಸ್ಟ್ 10, ಅದರ ವಿರುದ್ಧ 'ಬ್ರೂಟಸ್' ಅನ್ನೂ ಹೆಸರಿನ್ಯಾಗ ಬಂದ ಲೇಖನ ಬ್ರೂಟಸ್ 1; ಎರಡನ್ನೂ ಹಿಡದು ಎದುರಾಎದುರು ಕೂತು ಜಗಳಾಡ್ರಿ. ಅಕಿ ಮ್ಯಾಡಿಸನ್ ಆದ್ಲು, ದೊಡ್ಡ ದೇಶದಾಗ ಒಂದು ಗುಂಪು ಎಲ್ಲಾರ ಮ್ಯಾಲೆ ಸವಾರಿ ಮಾಡೂದು ಕಷ್ಟ ಅಂತ. ನಾ ಬ್ರೂಟಸ್, ಅಷ್ಟು ದೊಡ್ಡ ದೇಶದ ಪ್ರತಿನಿಧಿಗೆ ತನ್ನ ಮಂದಿ ಗುರ್ತ ಇರೂದಿಲ್ಲ ಅಂತ. ಖರೇ ಹೇಳ್ತೇನಿ, ನನಗ ಇವತ್ತಿಗೂ ಬ್ರೂಟಸ್‌ನ ಮಾತ ಸೇರ್ತದ.

ಕೇಸುಗಳನ್ನ ಹಳೇ ಲಗ್ನಪತ್ರಿಕೆ ಕತ್ತರಿಸಿ ಹಿಂದಿನ ಬಿಳೀ ಕಡೆ ಬರದ್ವಿ. ಲೋಪೆಜ್ ಕೇಸಿನ ಚೀಟಿ ಹಿಂಗಿತ್ತು: 1992, ಟೆಕ್ಸಾಸ್, ಹನ್ನೆರಡನೇ ಇಯತ್ತೆ ಹುಡುಗ ಶಾಲೆಗೆ ಪಿಸ್ತೂಲು ತಂದ. ಪ್ರಶ್ನೆ: ರಾಜ್ಯರಾಜ್ಯಗಳ ನಡುವಿನ ವ್ಯಾಪಾರದ ಅಧಿಕಾರ ಹಿಡಕೊಂಡು ಕಾಂಗ್ರೆಸ್ (ಅವರ ಸಂಸತ್ತು) ಇದಕ್ಕ ಕಾನೂನು ಮಾಡಬಹುದೇನು? ತೀರ್ಪು: 1995, 5–4, ಆಗೂದಿಲ್ಲ. ಕಾರಣ: ಶಾಲೆಹತ್ರ ಪಿಸ್ತೂಲು ಇಟ್ಟುಕೊಳ್ಳೂದು ವ್ಯಾಪಾರ ಅಲ್ಲ. ಆ ಕೊನೇ ಸಾಲು ಬಿಡಬ್ಯಾಡ್ರಿ. ಪರೀಕ್ಷೆಯೊಳಗ ನೀವು ಕೇಳದ ಕೇಸು ಒಂದು ಕೊಟ್ಟು ಈ ಹದಿನಾಲ್ಕರಾಗಿನ ಒಂದರ ಜೋಡಿ ಹೋಲಸ್ರಿ ಅಂತಾರ. ಆವಾಗ ಹೋಲಸಾಕ ಸಿಗೂದು ಕಾರಣಾನ.

ಪರೀಕ್ಷೆ ಮೂರು ತಾಸು: 80 ನಿಮಿಷಕ್ಕ 55 ಆಯ್ಕೆ ಪ್ರಶ್ನೆ, 100 ನಿಮಿಷಕ್ಕ 4 ಬರಿಯೂ ಪ್ರಶ್ನೆ. ಹಿಂದಿನ ವರ್ಷದ ಬರಿಯೂ ಪ್ರಶ್ನೆ, ಅಂಕ ಹಾಕೂ ನಿಯಮ ಎರಡೂ ಈ ಪರೀಕ್ಷೆ ನಡಸೂ ಕಾಲೇಜ್ ಬೋರ್ಡ್ ಸಂಸ್ಥೆಯ ಜಾಲತಾಣದಾಗ ಪುಕ್ಕಟ ಸಿಗ್ತಾವ. ರವಿವಾರಕ್ಕೊಂದು ಬರಸಿ, ನಾ ಕೆಂಪು ಪೆನ್ ಹಿಡದು ತಿದ್ದತಿದ್ದೆ. ಮೊದಮೊದಲ ಅಕಿ ವಹಿಯೊಳಗ ಬರೀತಿದ್ಲು. ಪರೀಕ್ಷೆ ಕಂಪ್ಯೂಟರಿನ್ಯಾಗ ಅಂತ ನೆನಪಾದ ಮ್ಯಾಲ ಟೈಪ್ ಮಾಡಸಾಕ ಹತ್ತಿದೆ, ಕೆಂಪು ಪೆನ್ ಟೇಬಲ್ ಮ್ಯಾಲ ಖಾಲಿ ಬಿತ್ತು.